‘ದೋನಾ ನೋಬಿಸ್ ಪಾಚೆಮ್’ ಕೇಳುವುದು ಹೀಗೆ

ಮೊದಲ ಸಲ ನಾನು ಈ ಸಂಗೀತ ಕೃತಿಯನ್ನು ಕೇಳಿದ್ದು ಬಸ್ಸಿನಲ್ಲಿ. ಕಿಟಕಿ ಪಕ್ಕದ ಸೀಟು, ಕಿವಿಗೆ ಇಯರ್‌ಫೋನ್, ಹೊರಗೆ ಹಾರ್ನ್‌ಗಳ ಗದ್ದಲ. ಶುರುವಿನ ಎರಡು ಮೂರು ನಿಮಿಷ ಏನೂ ಸರಿಯಾಗಿ ಕೇಳಲಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ. ಇದ್ದಕ್ಕಿದ್ದಂತೆ ಡ್ರಮ್ಮು, ಕಹಳೆ ಸಿಡಿದವು. ಇಯರ್‌ಫೋನ್ ಕಿತ್ತು ತೊಡೆ ಮೇಲೆ ಹಾಕಿಕೊಂಡೆ. ಆಮೇಲೆ ಮತ್ತೆ ಹಾಕಿಕೊಂಡು ಕೇಳಿದೆ. ಕೊನೆಯಲ್ಲಿ ಸದ್ದು ನಿಂತಿತು, ಮುಗಿಯಿತು ಅಂದುಕೊಂಡು ಫೋನ್ ಜೇಬಿಗಿಟ್ಟೆ. ಮನೆಗೆ ಬಂದು ನೋಡಿದರೆ ಇನ್ನೂ ಒಂದು ನಿಮಿಷದಷ್ಟು ಬಾಕಿ ಇತ್ತು. ಈ ಕೃತಿ ಏನು ಹೇಳಬೇಕು ಅಂತ ಹೊರಟಿದೆಯೋ ಅದು ಆ ಒಂದು ನಿಮಿಷದಲ್ಲಿ ಇದೆ.

ಅದಕ್ಕೇ ಈ ಬರಹ. ಪಾಶ್ಚಾತ್ಯ ಸಂಗೀತ ಕಲಿತವರಿಗಲ್ಲ, ಕಿವಿ ಇದ್ದು ಒಂದು ಸಂಜೆ ಬಿಡುವು ಇರುವ ಯಾರಿಗಾದರೂ.

ಏನಿದು, ಯಾರದು

‘ದೋನಾ ನೋಬಿಸ್ ಪಾಚೆಮ್’ ಒಂದು ಕ್ಯಾಂಟಾಟಾ. ಅಂದರೆ ಕ್ವಾಯರ್ (ಗುಂಪಾಗಿ ಹಾಡುವ ತಂಡ), ಒಬ್ಬಿಬ್ಬರು ಒಂಟಿ ಗಾಯಕರು, ಆರ್ಕೆಸ್ಟ್ರಾ ಸೇರಿ ಹಾಡುವ ಹಲವು ಭಾಗಗಳ ಕೃತಿ. ನಮ್ಮಲ್ಲಿ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನ ಮುಂದೆ ಸಿನಿಮಾ ಹಾಡು ಹಾಡುವ ತಂಡ ನೆನಪಾಗುತ್ತೆ. ಇಲ್ಲಿ ಅದಲ್ಲ. ಪಿಟೀಲು, ಕೊಳಲು, ಕಹಳೆ, ದೊಡ್ಡ ಡ್ರಮ್ಮುಗಳೆಲ್ಲ ಸೇರಿದ, ಹತ್ತಾರು ಜನ ನುಡಿಸುವ ವಾದ್ಯವೃಂದ.

ಬರೆದವರು ಇಂಗ್ಲೆಂಡಿನ ರೇಫ್ ವಾನ್ ವಿಲಿಯಮ್ಸ್. ರಾಲ್ಫ್ ಅಂತ ಹುಡುಕಿದರೂ ಸಿಗುತ್ತಾರೆ, ಆ ಹೆಸರನ್ನು ಅವರ ಮನೆಯಲ್ಲಿ ರೇಫ್ ಎಂದೇ ಕರೆಯುತ್ತಿದ್ದರು. ಹುಟ್ಟಿದ್ದು 1872ರಲ್ಲಿ, ತೀರಿಕೊಂಡಿದ್ದು 1958ರಲ್ಲಿ. ತಂದೆ ಚರ್ಚಿನ ಪಾದ್ರಿ. ತಾಯಿಯ ಕಡೆಯಿಂದ ಚಾರ್ಲ್ಸ್ ಡಾರ್ವಿನ್ ಹತ್ತಿರದ ನೆಂಟ, ಅಜ್ಜಿಯ ತಮ್ಮ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅವರಿಗೆ 42 ವರ್ಷ ಆಗುತ್ತಾ ಬಂದಿತ್ತು. ಯಾರೂ ಬಲವಂತ ಮಾಡುವ ವಯಸ್ಸಲ್ಲ. ಆದರೂ ಸೈನ್ಯದ ವೈದ್ಯಕೀಯ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. 1916ರಲ್ಲಿ ಫ್ರಾನ್ಸಿನಲ್ಲಿ ಆಂಬ್ಯುಲೆನ್ಸ್ ದಳದ ಜೊತೆ ಗಾಯಾಳುಗಳನ್ನು ಹೊತ್ತು ತರುವ ಕೆಲಸ ಮಾಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಸೋಮ್ ಕದನದಲ್ಲಿ ಅವರ ಆಪ್ತ ಗೆಳೆಯ, ಸಂಗೀತಗಾರ ಜಾರ್ಜ್ ಬಟರ್‌ವರ್ತ್ ಗುಂಡೇಟಿಗೆ ಸತ್ತರು. ಬಟರ್‌ವರ್ತ್‌ಗೆ ಆಗ 31. ಈ ಕೃತಿ ಕೇಳುವಾಗ ಇಷ್ಟು ತಲೆಯಲ್ಲಿ ಇಟ್ಟುಕೊಳ್ಳಿ. ಇದು ಪುಸ್ತಕದಲ್ಲಿ ಯುದ್ಧದ ಬಗ್ಗೆ ಓದಿದವರು ಬರೆದದ್ದಲ್ಲ, ಸ್ಟ್ರೆಚರ್ ಹೊತ್ತವರು ಬರೆದದ್ದು.

ಈ ಕೃತಿಯನ್ನು ಮೊದಲ ಸಲ ಹಾಡಿದ್ದು 1936ರ ಅಕ್ಟೋಬರ್ 2ರಂದು, ಹಡರ್ಸ್‌ಫೀಲ್ಡ್ ಅನ್ನುವ ಊರಿನ ಟೌನ್ ಹಾಲಿನಲ್ಲಿ. ಅದು ಯಾರ್ಕ್‌ಷೈರಿನ ಉಣ್ಣೆ ಗಿರಣಿಗಳ ಊರು. ಅಲ್ಲಿನ ಕೋರಲ್ ಸೊಸೈಟಿಗೆ, ಅಂದರೆ ಕ್ವಾಯರ್ ಸಂಘಕ್ಕೆ, ಆಗ ನೂರು ವರ್ಷ ತುಂಬಿತ್ತು. ನೂರರ ಹಬ್ಬಕ್ಕೆ ಹೊಸದೊಂದು ಬರೆದುಕೊಡಿ ಅಂತ ಕೇಳಿದ್ದರು. ಹಬ್ಬಕ್ಕೆ ಕೇಳಿದವರಿಗೆ ಇವರು ಕೊಟ್ಟಿದ್ದು ಇದು. ಆ ವರ್ಷ ಮಾರ್ಚಿನಲ್ಲಿ ಹಿಟ್ಲರನ ಸೈನ್ಯ, ಸೈನ್ಯ ಇಡಬಾರದು ಅಂತ ಒಪ್ಪಂದವಿದ್ದ ಗಡಿನಾಡು ರೈನ್‌ಲ್ಯಾಂಡಿಗೆ ನುಗ್ಗಿತ್ತು. ಜುಲೈನಲ್ಲಿ ಸ್ಪೇನಿನಲ್ಲಿ ಒಳಯುದ್ಧ ಹತ್ತಿಕೊಂಡಿತ್ತು. ಮಹಾಯುದ್ಧ ಇನ್ನೊಂದು ಸಲ ಬರುತ್ತಿದೆ ಅನ್ನುವುದು ಸಭೆಯಲ್ಲಿ ಕೂತವರಿಗೆಲ್ಲ ಗೊತ್ತಿತ್ತು.

ಹೆಜ್ಜೆ 1: ಮೂರು ಪದ ಬಾಯಿಪಾಠ ಮಾಡಿ

ದೋನಾ ಅಂದರೆ ಕೊಡು. ನೋಬಿಸ್, ನಮಗೆ. ಪಾಚೆಮ್, ಶಾಂತಿಯನ್ನು. ಚರ್ಚಿನ ಲ್ಯಾಟಿನ್‌ನಲ್ಲಿ ಅದು ‘ಪಾಚೆಮ್’, ‘ಪಾಸೆಮ್’ ಅಲ್ಲ. ಕ್ಯಾಥೊಲಿಕ್ ಪೂಜೆಯಲ್ಲಿ ಪ್ರಸಾದ ಸ್ವೀಕರಿಸುವ ಮೊದಲು ಹೇಳುವ ಪ್ರಾರ್ಥನೆಯ ಕೊನೆಯ ಮಾತು ಇದು: ಲೋಕದ ಪಾಪ ಹೊರುವ ದೇವರ ಕುರಿಮರಿಯೇ, ನಮಗೆ ಶಾಂತಿ ಕೊಡು. ಕನ್ನಡದಲ್ಲಿ ಪೂಜೆ ಕೇಳುವವರಿಗೆ ಈ ಮಾತು ಪ್ರತಿ ಭಾನುವಾರದ್ದು.

ಇಲ್ಲೊಂದು ಗಮನಿಸಿ. ಕನ್ನಡದ ಹಳೆಯ ಬೈಬಲಿನಲ್ಲಿ ಕ್ರಿಸ್ತ ಹುಟ್ಟಿದ ರಾತ್ರಿ ದೇವದೂತರು ಹಾಡುವಾಗ ಭೂಮಿಯ ಮೇಲೆ ‘ಶಾಂತಿ’ ಅನ್ನುವುದಿಲ್ಲ, ‘ಸಮಾಧಾನ’ ಅನ್ನುತ್ತಾರೆ. ನನಗೆ ಈ ಕೃತಿಗೆ ಆ ಪದವೇ ಹೆಚ್ಚು ಒಪ್ಪುತ್ತೆ ಅನ್ನಿಸುತ್ತೆ. ಶಾಂತಿ ಅಂದಾಗ ಗುಂಡು ನಿಂತಿತು ಅಂತ ಮಾತ್ರ ಕೇಳಿಸುತ್ತೆ. ಸಮಾಧಾನ ಅಂದರೆ ಮಗನನ್ನು ಕಳೆದುಕೊಂಡ ಮನೆಗೂ ಬೇಕಾದದ್ದು ಅದೇ. ಇಡೀ ಕೃತಿಯಲ್ಲಿ ಈ ಎರಡೂ ಅರ್ಥ ಬೇಕಾಗುತ್ತೆ.

ಸ್ವರವನ್ನೂ ಒಂದು ಸಲ ಗುರುತು ಹಿಡಿದುಕೊಳ್ಳಿ. ಶುರುವಿನಲ್ಲಿ ಒಬ್ಬ ಹೆಂಗಸಿನ ದನಿ ಈ ಬೇಡಿಕೆಯನ್ನು ಹಾಡುವಾಗ ಒಂದು ಸ್ವರದಿಂದ ಅದರ ತೀರಾ ಪಕ್ಕದ ಕೆಳಸ್ವರಕ್ಕೆ ಜಾರುತ್ತೆ. ಸರಳೆ ವರಸೆ ಕಲಿತಿದ್ದೀರಾ? ಮಾಯಾಮಾಳವಗೌಳದಲ್ಲಿ ರಿ ಇಂದ ಸ ಗೆ ಇಳಿಯುವ ಅಂತರ, ಅಷ್ಟೇ. ಒಮ್ಮೆ ಗುನುಗಿ ನೋಡಿ. ನಿಟ್ಟುಸಿರು ಬಿಟ್ಟ ಹಾಗಿರುತ್ತೆ. ಈ ಜಾರು ಕೃತಿಯುದ್ದಕ್ಕೂ ನಿಮ್ಮ ಕೈಹಿಡಿದು ನಡೆಸುತ್ತೆ.

ಹೆಜ್ಜೆ 2: ಜಾಗ, ಸಮಯ, ರೆಕಾರ್ಡಿಂಗ್

ಇಡೀ ಕೃತಿ ಸುಮಾರು 35ರಿಂದ 40 ನಿಮಿಷ. ಆರು ಭಾಗ ಇದೆ, ಆದರೆ ನಡುವೆ ನಿಲ್ಲಿಸುವುದಿಲ್ಲ, ಒಂದರೊಳಗೆ ಒಂದು ಹರಿದು ಹೋಗುತ್ತೆ. ಹಾಗಾಗಿ ಆ್ಯಪ್‌ನಲ್ಲಿ ಕೇಳುವುದಾದರೆ ಶಫಲ್ ಆಫ್ ಮಾಡಿ. ಒಂದು ಹಾಡಿನ ಕೊನೆಗೆ ಇನ್ನೊಂದರ ಶುರುವನ್ನು ಬೆರೆಸುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ಆಫ್ ಮಾಡಿ. ಜಾಹೀರಾತು ಬರುವ ಉಚಿತ ಆ್ಯಪ್ ಬೇಡವೇ ಬೇಡ. ನಾಲ್ಕನೇ ಭಾಗದಲ್ಲಿ ಎರಡು ಹೆಣ ಹೊತ್ತ ಮೆರವಣಿಗೆ ನಡೆಯುತ್ತಿರುವಾಗ ಸೋಪಿನ ಜಾಹೀರಾತು ಬಂದರೆ ಆ ಸಂಜೆ ಹಾಳು. ಆರೂ ಭಾಗ ಒಂದೇ ವಿಡಿಯೋದಲ್ಲಿ ಇರುವ ಕಛೇರಿ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಡೌನ್‌ಲೋಡ್ ಮಾಡಿಕೊಳ್ಳಿ.

ರಾತ್ರಿ ಊಟ ಆದಮೇಲಿನ ಹೊತ್ತು ಒಳ್ಳೆಯದು. ಫ್ಯಾನ್ ನಿಲ್ಲಿಸಿ. ಇದು ಸುಮ್ನೆ ಹೇಳುತ್ತಿಲ್ಲ. ಕೊನೆಯ ಪುಟದ ಸದ್ದು ಫ್ಯಾನಿನ ಸದ್ದಿಗಿಂತ ಕಡಿಮೆ. ವಾಲ್ಯೂಮನ್ನು ಶುರುವಿನ ಮೆಲುದನಿಗೆ ಹೊಂದಿಸಬೇಡಿ. ಎರಡನೇ ಭಾಗದ ಡ್ರಮ್ಮನ್ನು ಹತ್ತು ಸೆಕೆಂಡ್ ಹಾಕಿ ನೋಡಿ, ಅದು ಜೋರಾಗಿ, ಆದರೆ ಕಿವಿ ನೋಯದ ಹಾಗೆ ಇಟ್ಟುಕೊಂಡು, ಆಮೇಲೆ ಮೊದಲಿಂದ ಶುರುಮಾಡಿ. ಮೆಲುವಾದ ಕಡೆ ನೀವೇ ಕಿವಿಗೊಟ್ಟು ಕೇಳಬೇಕು. ಅದು ಹಾಗೇ ಇರಬೇಕು.

ರೆಕಾರ್ಡಿಂಗ್ ಯಾವುದು? ಎಡ್ರಿಯನ್ ಬೋಲ್ಟ್ ಮುಂದೆ ನಿಂತು ವಾದ್ಯವೃಂದ ನಡೆಸಿದ್ದು ಬಹಳ ಜನಕ್ಕೆ ಇಷ್ಟ. ನಾನು ಹೊಸಬರಿಗೆ ಹೇಳುವುದು ರಿಚರ್ಡ್ ಹಿಕಾಕ್ಸ್ ನಡೆಸಿದ್ದು. ಅದರಲ್ಲಿ ಬ್ರಿನ್ ಟರ್ಫೆಲ್ ಅವರ ಗಂಡುದನಿ ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತೆ. 1936ರ ನವೆಂಬರಿನಲ್ಲಿ ವಾನ್ ವಿಲಿಯಮ್ಸ್ ಅವರೇ ಬಿಬಿಸಿ ರೇಡಿಯೋಗೆ ನಡೆಸಿದ ಪ್ರಸಾರವೂ ಉಳಿದಿದೆ. ಅದರಲ್ಲಿ ಕರಕರ ಸದ್ದು ಜಾಸ್ತಿ. ಎರಡನೇ ಮೂರನೇ ಸಲಕ್ಕೆ ಅದನ್ನು ಇಟ್ಟುಕೊಳ್ಳಿ.

ಹೆಜ್ಜೆ 3: ಮಾತು ಕೈಯಲ್ಲಿರಲಿ

ಈ ಹೆಜ್ಜೆ ಬಿಟ್ಟರೆ ಉಳಿದದ್ದು ವ್ಯರ್ಥ. ಈ ಕೃತಿಯಲ್ಲಿ ಬೇರೆ ಬೇರೆ ಕಾಲದ, ಬೇರೆ ಬೇರೆ ನಂಬಿಕೆಯ ಬಾಯಿಗಳಿವೆ. ಚರ್ಚಿನ ಲ್ಯಾಟಿನ್ ಪ್ರಾರ್ಥನೆ. ಅಮೆರಿಕದ ಕವಿ ವಾಲ್ಟ್ ವಿಟ್‌ಮನ್‌ನ ಮೂರು ಕವಿತೆ. ಬ್ರಿಟನ್ ಸಂಸತ್ತಿನಲ್ಲಿ ಒಬ್ಬ ಸದಸ್ಯ ಮಾಡಿದ ಭಾಷಣದ ತುಣುಕು. ಮತ್ತೆ ಬೈಬಲಿನ ಪ್ರವಾದಿಗಳು. ದೇವರ ಮಾತಿನ ಪಕ್ಕದಲ್ಲೇ ಸಂಸತ್ತಿನ ಮಾತು. ವಾನ್ ವಿಲಿಯಮ್ಸ್ ಸ್ವತಃ ದೇವರಿದ್ದಾನೆ ಅಂತ ಖಾತರಿಯಾಗಿ ನಂಬಿದವರಲ್ಲ. ಆದರೂ ಚರ್ಚಿನ ಹಾಡಿನ ಪುಸ್ತಕ ಸಂಪಾದಿಸಿದ್ದರು, ಆ ಮಾತುಗಳ ತೂಕ ಅವರಿಗೆ ಗೊತ್ತಿತ್ತು. ಬೇಡುವುದಕ್ಕೆ ಎಲ್ಲರ ಬಾಯೂ ಬೇಕು ಅಂತ ಎಲ್ಲವನ್ನೂ ತಂದು ಸೇರಿಸಿದ್ದಾರೆ.

ಇಂಗ್ಲಿಷ್ ಸಾಹಿತ್ಯ ಹುಡುಕಿದರೆ ಸುಲಭವಾಗಿ ಸಿಗುತ್ತೆ. ಪ್ರಿಂಟ್ ತೆಗೆದುಕೊಳ್ಳಿ. ಫೋನಿನಲ್ಲಿ ಓದುತ್ತಾ ಕೇಳಿದರೆ ನಡುವೆ ಮೆಸೇಜು ಬಂದು ಗಮನ ಹೋಗುತ್ತೆ. ಪಕ್ಕದಲ್ಲಿ ಕನ್ನಡದಲ್ಲಿ ನಿಮ್ಮದೇ ಮಾತಿನಲ್ಲಿ ಅರ್ಥ ಬರೆದುಕೊಳ್ಳಿ. ಕೆಳಗೆ ನಾನು ಒಂದೊಂದು ಭಾಗಕ್ಕೂ ಸಾರ ಕೊಟ್ಟಿದ್ದೇನೆ, ಅದನ್ನೇ ಇಟ್ಟುಕೊಂಡರೂ ನಡೆಯುತ್ತೆ.

ಹೆಜ್ಜೆ 4: ಆರು ಭಾಗ, ಒಂದು ಎಳೆ

ಮೊದಲ ಸಲ ಕೇಳುವಾಗ ಒಂದೇ ಕೆಲಸ ಮಾಡಿ: ‘ದೋನಾ ನೋಬಿಸ್ ಪಾಚೆಮ್’ ಎಲ್ಲಿ ಬರುತ್ತೆ, ಎಲ್ಲಿ ಬರುವುದಿಲ್ಲ, ಅದನ್ನು ಮಾತ್ರ ಹಿಡಿಯಿರಿ. ಬಂದಾಗ ಕಾಗದದ ಮೇಲೆ ಒಂದು ಗೆರೆ ಎಳೆಯಿರಿ.

ಮೊದಲ ಭಾಗ ಚಿಕ್ಕದು. ಸೋಪ್ರಾನೊ, ಅಂದರೆ ಎತ್ತರದ ಹೆಣ್ಣುದನಿ, ಒಂಟಿಯಾಗಿ ಬೇಡುತ್ತೆ. ಕ್ವಾಯರ್ ಅದನ್ನು ಹಿಡಿದುಕೊಳ್ಳುತ್ತೆ, ಒಮ್ಮೆ ಕೂಗಿನಷ್ಟು ಏರುತ್ತೆ, ಮತ್ತೆ ಇಳಿಯುತ್ತೆ. ಸೋಪ್ರಾನೊ ಇನ್ನೂ ಬೇಡುತ್ತಿರುವಾಗಲೇ ದೂರದಲ್ಲಿ ಡ್ರಮ್ ಸದ್ದು. ಪಕ್ಕದ ಬೀದಿಯಲ್ಲಿ ಏನೋ ಮೆರವಣಿಗೆ ಬರುತ್ತಿದೆ ಅನ್ನುವಷ್ಟು. ಗಮನ ಇಡದಿದ್ದರೆ ತಪ್ಪಿ ಹೋಗುತ್ತೆ.

ಎರಡನೇ ಭಾಗಕ್ಕೆ ಆ ಡ್ರಮ್ಮು ಮನೆ ಬಾಗಿಲಿಗೇ ಬಂದುಬಿಡುತ್ತೆ. ವಿಟ್‌ಮನ್ ಇದನ್ನು ಬರೆದದ್ದು 1861ರಲ್ಲಿ, ಅಮೆರಿಕದ ಒಳಯುದ್ಧ ಶುರುವಾದ ವರ್ಷ. ಬಡಿ, ಡ್ರಮ್ಮೇ ಬಡಿ, ಕಿಟಕಿ ಒಡೆದು ನುಗ್ಗು, ಬಾಗಿಲು ಒಡೆದು ನುಗ್ಗು ಅಂತ ಶುರುವಾಗುತ್ತೆ. ಚರ್ಚಿಗೆ ನುಗ್ಗು, ಕೂತವರನ್ನು ಚದುರಿಸು. ಶಾಲೆಯಲ್ಲಿ ಓದುವವನನ್ನು ಬಿಡಬೇಡ. ಮದುಮಗ ಮದುಮಗಳ ಜೊತೆ ಸುಖವಾಗಿರಕೂಡದು. ರೈತ ಉಳಬಾರದು, ಕಾಳು ಕೂಡಿಸಬಾರದು. ಅಳುವವರನ್ನು ನೋಡಬೇಡ, ಮಗುವಿನ ದನಿ ಕೇಳಿಸಬಾರದು, ತಾಯಿ ಅಂಗಲಾಚಿದರೂ ಕೇಳಬೇಡ. ಕೊನೆಗೆ, ಶವಗಾಡಿಗೆ ಕಾಯುತ್ತಾ ಮಲಗಿರುವ ಹೆಣಗಳೂ ಅಲುಗಾಡಬೇಕು.

ವಿಟ್‌ಮನ್‌ನ ಈ ಪದ್ಯ ಆಗ ಜನರನ್ನು ಸೈನ್ಯಕ್ಕೆ ಹುರಿದುಂಬಿಸುವ ಹಾಗೆ ಬಂದದ್ದು. ವಾನ್ ವಿಲಿಯಮ್ಸ್ ಒಂದು ಮಾತನ್ನೂ ಖಂಡಿಸುವುದಿಲ್ಲ. ಅದೇ ಮಾತನ್ನು ಕ್ವಾಯರಿನ ಬಾಯಲ್ಲಿ ಕಿರುಚಿಸುತ್ತಾರೆ. ಹಾಡುವವರು ಡ್ರಮ್ಮಿಗೆ ಅಪ್ಪಣೆ ಕೊಡುತ್ತಿದ್ದಾರೋ, ಡ್ರಮ್ಮಿಗೆ ಹೆದರಿ ಕೂಗುತ್ತಿದ್ದಾರೋ ಅಂತ ಗೊತ್ತಾಗದ ಹಾಗೆ. ನಿಮ್ಮ ಕಾಗದ ನೋಡಿ. ಇಲ್ಲಿ ಗೆರೆ ಬಿದ್ದಿರುವುದಿಲ್ಲ. ಈ ಭಾಗದಲ್ಲಿ ‘ದೋನಾ’ ಒಂದು ಸಲವೂ ಇಲ್ಲ.

ಡ್ರಮ್ಮು ಇಳಿದ ಮೇಲೆ ಮೂರನೇ ಭಾಗದಲ್ಲಿ ತಂತಿವಾದ್ಯಗಳು ಮೆಲ್ಲಗೆ ಬರುತ್ತವೆ. ಬ್ಯಾರಿಟೋನ್, ಅಂದರೆ ನಡುಸ್ಥಾಯಿಯ ಗಂಡುದನಿ, ಇಲ್ಲಿ ಮೊದಲ ಸಲ ಬಾಯಿ ತೆರೆಯುತ್ತೆ. ಇದೂ ವಿಟ್‌ಮನ್. ಆದರೆ ಇದು ಬೇರೆ ವಿಟ್‌ಮನ್. ನಡುವೆ ಆತ ವಾಷಿಂಗ್ಟನ್ನಿನ ಮಿಲಿಟರಿ ಆಸ್ಪತ್ರೆಗಳಲ್ಲಿ ಗಾಯಾಳುಗಳ ಹಾಸಿಗೆ ಪಕ್ಕ ಕೂತು ಸೇವೆ ಮಾಡಿದ್ದ. ಯುದ್ಧವೂ ಅದರ ಎಲ್ಲ ಕೊಲೆಗಳೂ ಕಾಲದಲ್ಲಿ ಅಳಿಸಿಹೋಗುತ್ತವೆ, ಅದೆಷ್ಟು ಚೆಂದ. ಸಾವು ಮತ್ತು ಇರುಳು ಅನ್ನುವ ಅಕ್ಕತಂಗಿಯರು ಕೊಳೆಯಾದ ಈ ಲೋಕವನ್ನು ಮತ್ತೆ ಮತ್ತೆ ಮೆಲ್ಲಗೆ ತೊಳೆಯುತ್ತಾರೆ ಅನ್ನುತ್ತಾನೆ. ಆಮೇಲೆ ಬರುವ ಸಾಲಿಗೆ ಕಾದಿರಿ. ನನ್ನ ವೈರಿ ಸತ್ತಿದ್ದಾನೆ, ನನ್ನಷ್ಟೇ ದೈವಾಂಶ ಇದ್ದ ಮನುಷ್ಯ ಸತ್ತಿದ್ದಾನೆ. ಶವಪೆಟ್ಟಿಗೆಯ ಹತ್ತಿರ ಹೋಗುತ್ತೇನೆ. ಬಗ್ಗಿ, ಬಿಳಿಚಿದ ಆ ಮುಖಕ್ಕೆ ತುಟಿ ತಾಗಿಸುತ್ತೇನೆ.

ಇದನ್ನು ಹಾಡುವಾಗ ಸಂಗೀತ ಕೇಳುವವರಿಗೆ ಅಳು ತರಿಸಲು ಹೋಗುವುದಿಲ್ಲ. ಒಬ್ಬ ಮನುಷ್ಯ ನಿಂತು ಕಂಡದ್ದನ್ನು ಹೇಳುವ ಹಾಗೆ ಹೇಳುತ್ತೆ, ಅಷ್ಟೇ. ಕ್ವಾಯರ್ ಮೊದಲ ಸಾಲುಗಳಿಗೆ ಮರಳುತ್ತೆ. ಅದೆಲ್ಲದರ ಮೇಲೆ, ಎಲ್ಲಿಂದಲೋ, ಸೋಪ್ರಾನೊ: ದೋನಾ ನೋಬಿಸ್ ಪಾಚೆಮ್. ಗೆರೆ ಎಳೆಯಿರಿ. ಮೊದಲ ಭಾಗದಲ್ಲಿ ಈ ಬೇಡಿಕೆ ಆಗಬಾರದ್ದು ಆಗದಿರಲಿ ಅಂತಿತ್ತು. ಇಲ್ಲಿ ಆಗಿಹೋದ ಮೇಲಿನದು.

ನಾಲ್ಕನೇ ಭಾಗ ಎಲ್ಲಕ್ಕಿಂತ ಉದ್ದ, ಹತ್ತು ಹನ್ನೊಂದು ನಿಮಿಷ. ಹೆಚ್ಚಿನವರು ಇಲ್ಲಿ ಗಮನ ಕಳೆದುಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದನ್ನು ವಾನ್ ವಿಲಿಯಮ್ಸ್ ಬರೆದದ್ದು ಯುದ್ಧ ಕಾಣುವ ಮೊದಲೇ. ಪ್ರಕಟಿಸದೆ ಇಟ್ಟುಕೊಂಡಿದ್ದರು. ಎಷ್ಟೋ ವರ್ಷ ಆದಮೇಲೆ ತೆಗೆದು ಈ ಕೃತಿಯ ನಡುವೆ ಇಟ್ಟರು. ಪದ್ಯದ ಕತೆ ಇಷ್ಟು: ಭಾನುವಾರದ ಸಂಜೆ, ಬಿಸಿಲಿನ ಕೊನೆಯ ಕಿರಣ ಬೀದಿಯ ಕಲ್ಲಿನ ಮೇಲೆ ಬಿದ್ದಿದೆ. ಅಲ್ಲೇ ಆಚೆ ಹೊಸದಾಗಿ ಅಗೆದ ಗುಂಡಿ, ಇಬ್ಬರಿಗಾಗುವಷ್ಟು. ಪೂರ್ವದಲ್ಲಿ ಚಂದ್ರ ಮನೆಗಳ ಮಾಡಿನ ಮೇಲೆ ಏಳುತ್ತಿದ್ದಾನೆ. ಕಹಳೆ, ಡ್ರಮ್ಮುಗಳ ಮೆರವಣಿಗೆ ಬರುತ್ತಿದೆ. ಅಪ್ಪ, ಮಗ ಇಬ್ಬರೂ ಒಂದೇ ದಾಳಿಯಲ್ಲಿ, ಮುಂದಿನ ಸಾಲಿನಲ್ಲಿ, ಒಟ್ಟಿಗೆ ಬಿದ್ದವರು. ಇಬ್ಬರಿಗೂ ಒಂದೇ ಗುಂಡಿ.

ಇಲ್ಲಿ ಕೇಳಬೇಕಾದದ್ದು ಡ್ರಮ್ಮನ್ನೇ. ಎರಡನೇ ಭಾಗದಲ್ಲಿ ಬಾಗಿಲು ಒಡೆದ ಅದೇ ಡ್ರಮ್ಮು ಈಗ ನಡೆಯುತ್ತಿದೆ, ಹೆಜ್ಜೆ ಹಾಕುತ್ತಿದೆ. ನಮ್ಮ ಊರುಗಳಲ್ಲಿ ತಮಟೆ ಹಬ್ಬಕ್ಕೂ ಬರುತ್ತೆ, ಸಾವಿಗೂ ಬರುತ್ತೆ. ಬಡಿತ ಕೇಳಿದರೆ ಯಾವುದು ಅಂತ ಮನೆಯೊಳಗಿಂದಲೇ ಗೊತ್ತಾಗುತ್ತೆ, ಅಲ್ವಾ? ಆ ಕಿವಿಯಿಂದಲೇ ಇದನ್ನೂ ಕೇಳಿ. ಕೊನೆಯ ಸಾಲಿನಲ್ಲಿ ಕವಿ ಸತ್ತವರಿಗೆ ಹೇಳುತ್ತಾನೆ: ಚಂದ್ರ ನಿಮಗೆ ಬೆಳಕು ಕೊಡುತ್ತಾನೆ, ಕಹಳೆ ಡ್ರಮ್ಮುಗಳು ಸಂಗೀತ ಕೊಡುತ್ತವೆ, ನನ್ನ ಎದೆ ನಿಮಗೆ ಪ್ರೀತಿ ಕೊಡುತ್ತೆ. ಮೂರು ಸಲ ‘ಕೊಡುತ್ತೆ’. ಇಡೀ ಕೃತಿ ‘ಕೊಡು’ ಅಂತ ಬೇಡುತ್ತಿರುವಾಗ, ಕೊಡುವವರು ಇಲ್ಲಿ ಸಿಗುತ್ತಾರೆ. ಕೊಡಲು ಅವರ ಹತ್ತಿರ ಇರುವುದು ಅಷ್ಟೇ. ‘ದೋನಾ’ ಇಲ್ಲೂ ಇಲ್ಲ, ಗೆರೆ ಎಳೆಯಬೇಡಿ.

ಐದನೇ ಭಾಗ ಶುರುವಾಗುವುದು ಸಂಸತ್ತಿನಲ್ಲಿ. 1855ರ ಫೆಬ್ರವರಿ 23, ರಷ್ಯದ ವಿರುದ್ಧ ಬ್ರಿಟನ್ ಕಾದಿದ ಕ್ರಿಮಿಯನ್ ಯುದ್ಧ ನಡೆಯುತ್ತಿತ್ತು. ಜಾನ್ ಬ್ರೈಟ್ ಅನ್ನುವ ಸದಸ್ಯ ಎದ್ದು ಮಾತಾಡಿದ. ಆತ ಕ್ವೇಕರ್ ಪಂಗಡದವನು, ಯುದ್ಧವನ್ನು ಒಪ್ಪದ ಜನ. ಸಾವಿನ ದೂತ ಈ ನಾಡಿನ ತುಂಬ ಓಡಾಡುತ್ತಿದ್ದಾನೆ, ಅವನ ರೆಕ್ಕೆ ಬಡಿತ ನಮಗೆ ಕೇಳಿಸುವಷ್ಟು ಹತ್ತಿರ ಅಂದ. ನಮ್ಮ ಬಾಗಿಲ ಚೌಕಟ್ಟಿಗೆ ರಕ್ತ ಹಚ್ಚಿ ಅವನನ್ನು ದಾಟಿಸುವವರು ಯಾರೂ ಇಲ್ಲ ಅಂದ. ಈ ಕೊನೆಯ ಮಾತಿಗೆ ಬೈಬಲಿನ ಕತೆ ಗೊತ್ತಿರಬೇಕು. ಈಜಿಪ್ಟಿನಲ್ಲಿ ಚೊಚ್ಚಲ ಮಕ್ಕಳನ್ನೆಲ್ಲ ಸಾವು ಒಯ್ದ ರಾತ್ರಿ, ಬಾಗಿಲ ಕಂಬಕ್ಕೆ ಕುರಿಮರಿಯ ರಕ್ತ ಹಚ್ಚಿದ್ದ ಇಸ್ರೇಲರ ಮನೆಗಳನ್ನು ಬಿಟ್ಟು ಮುಂದೆ ಹೋಯಿತು. ಮೊದಲ ಭಾಗದ ಆ ದೇವರ ಕುರಿಮರಿ ಇಲ್ಲಿ ಬಂದು ತಾಗುತ್ತೆ, ಗಮನಿಸಿದಿರಾ? ರಾಜಕೀಯ ಭಾಷಣವೂ ಪೂಜೆಯ ಮಾತೂ ಇಷ್ಟು ಹತ್ತಿರ ಕೂರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬ್ಯಾರಿಟೋನ್ ಇದನ್ನು ಹಾಡುವುದಕ್ಕಿಂತ ಹೆಚ್ಚು ನುಡಿಯುತ್ತೆ, ರಾಗ ಬಹಳ ಕಡಿಮೆ. ತಕ್ಷಣ ‘ದೋನಾ ನೋಬಿಸ್ ಪಾಚೆಮ್’. ಈಗ ಅದು ನಿಟ್ಟುಸಿರಲ್ಲ, ಗಾಬರಿ. ಅದರ ಹಿಂದೆಯೇ ಯೆರೆಮೀಯ ಪ್ರವಾದಿ: ಸಮಾಧಾನ ಬರುತ್ತೆ ಅಂತ ಕಾದೆವು, ಒಳ್ಳೆಯದೇನೂ ಬರಲಿಲ್ಲ. ಶತ್ರುವಿನ ಕುದುರೆಗಳ ಬುಸುಗುಟ್ಟುವಿಕೆ ಕೇಳಿ ನಾಡೆಲ್ಲ ನಡುಗಿತು. ಸುಗ್ಗಿ ಮುಗಿಯಿತು, ಬೇಸಿಗೆ ಕಳೆಯಿತು, ನಾವು ಉಳಿಯಲಿಲ್ಲ.

ಸುಗ್ಗಿ ಮುಗಿಯಿತು ಅನ್ನುವ ಮಾತು ಕೃಷಿ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿಯಲ್ಲೇ ಕೈಗೆ ಸಿಗದಿದ್ದರೆ ಇನ್ನು ಸಿಗುವುದು ಯಾವಾಗ?

ಆರನೇ ಭಾಗಕ್ಕೆ ಬರುವಾಗ ಬ್ಯಾರಿಟೋನ್ ಮೆತ್ತಗೆ, ಭಯಪಡಬೇಡ, ನಿನಗೆ ಸಮಾಧಾನ ಇರಲಿ ಅನ್ನುತ್ತೆ. ಬೈಬಲಿನ ಬೇರೆ ಬೇರೆ ಕಡೆಯಿಂದ ಆರಿಸಿದ ಸಾಲುಗಳು ಒಂದೊಂದಾಗಿ ಬರುತ್ತವೆ. ಜನಾಂಗ ಜನಾಂಗದ ಮೇಲೆ ಕತ್ತಿ ಎತ್ತುವುದಿಲ್ಲ, ಇನ್ನು ಯುದ್ಧ ಕಲಿಯುವುದಿಲ್ಲ. ಹೆದರಿಸುವವರು ಯಾರೂ ಇರುವುದಿಲ್ಲ. ನೀತಿಯೂ ಸಮಾಧಾನವೂ ಒಂದಕ್ಕೊಂದು ಮುದ್ದಿಟ್ಟವು. ಕೆಳಗಿನ ವಾದ್ಯಗಳಿಂದ ಶುರುವಾಗಿ ಏರುತ್ತಾ ಏರುತ್ತಾ, ದೇವದೂತರ ಹಾಡಿನ ಹತ್ತಿರ ಬರುವ ಹೊತ್ತಿಗೆ ಎಲ್ಲರೂ ಹಾಡುತ್ತಿರುತ್ತಾರೆ.

ಈ ಭಾಗದ ಬಗ್ಗೆ ನನಗೆ ಬಹಳ ದಿನ ತಕರಾರು ಇತ್ತು. ಇಷ್ಟೆಲ್ಲ ನೋವು ಕಂಡು, ಇಷ್ಟು ಸುಲಭವಾಗಿ ಸಂಭ್ರಮಕ್ಕೆ ಬರುವುದು ಸರಿಯಾ ಅನ್ನಿಸುತ್ತಿತ್ತು. ಬಸ್ಸಿನಲ್ಲಿ ತಪ್ಪಿಸಿಕೊಂಡ ಆ ಒಂದು ನಿಮಿಷ ಕೇಳಿದ ಮೇಲೆ ತಕರಾರು ಹೋಯಿತು. ಏಕೆಂದರೆ ಸಂಭ್ರಮದಲ್ಲಿ ಮುಗಿಸಬಹುದಿತ್ತು, ಮುಗಿಸಲಿಲ್ಲ. ಆ ಏರು ಇಳಿಯುತ್ತೆ. ವಾದ್ಯಗಳು ಹಿಂದೆ ಸರಿಯುತ್ತವೆ. ಬರೀ ಮನುಷ್ಯರ ದನಿ ಉಳಿಯುತ್ತೆ. ಕೊನೆಗೆ ಸೋಪ್ರಾನೊ ಮೊದಲಿನ ಅದೇ ಮಾತಿಗೆ ಮರಳುತ್ತೆ: ದೋನಾ ನೋಬಿಸ್ ಪಾಚೆಮ್. ಶಾಂತಿ ಬಂತು ಅಂತ ಅಲ್ಲ, ಕೊಡು ಅಂತಲೇ. ಇನ್ನೂ ಕಡಿಮೆ, ಇನ್ನೂ ಕಡಿಮೆ. ಯಾವ ಕ್ಷಣದಲ್ಲಿ ದನಿ ನಿಂತಿತು ಅಂತ ಹೇಳಲು ಆಗುವುದಿಲ್ಲ. ಕೊನೆಯ ಗೆರೆ ಎಳೆಯಿರಿ. 1936ರಲ್ಲಿ ಅದು ನಿಂತ ಮೂರು ವರ್ಷಕ್ಕೆ ಎರಡನೇ ಮಹಾಯುದ್ಧ ಶುರುವಾಯಿತು.

ಹೆಜ್ಜೆ 5: ಎರಡನೇ ಸಲ, ನಾಲ್ಕು ದನಿಗೆ ಕಿವಿ ಹೊಂದಿಸಿ

ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಒಂದು ತೊಡಕು ಆಗುತ್ತೆ. ತಂಬೂರಿಯ ಮೇಲೆ ಒಂದೇ ರಾಗದ ಎಳೆ ಹಿಡಿದು ಹೋಗುವುದು ನಮ್ಮ ರೂಢಿ. ಇಲ್ಲಿ ಒಂದೇ ಹೊತ್ತಿಗೆ, ಮೇಲಿಂದ ಕೆಳಕ್ಕೆ, ಸೋಪ್ರಾನೊ, ಆಲ್ಟೊ, ಟೆನರ್, ಬಾಸ್ ಅಂತ ನಾಲ್ಕು ಎಳೆ. ಯಾವುದನ್ನು ಹಿಡಿಯುವುದು? ಎಲ್ಲವನ್ನೂ ಹಿಡಿಯಲು ಹೋಗಬೇಡಿ. ಮೂರನೇ ಭಾಗವನ್ನು ಎರಡು ಸಲ ಹಾಕಿ. ಒಮ್ಮೆ ಮೇಲಿನ ದನಿಯನ್ನು ಮಾತ್ರ ಬಾಯಲ್ಲೇ ಗುನುಗುತ್ತಾ ಕೇಳಿ. ಇನ್ನೊಮ್ಮೆ ತೀರಾ ಕೆಳಗಿನ ಬಾಸ್ ದನಿಯ ಜೊತೆ ಹೋಗಿ. ಎರಡನೇ ಸಲ ಮೇಲಿನ ರಾಗ ಬೇರೆಯೇ ಕೇಳಿಸುತ್ತೆ, ಕೆಳಗೆ ನೆಲ ಸರಿದಾಗ ಮೇಲಿನದರ ಬಣ್ಣ ಬದಲಾಗುವುದು ಗೊತ್ತಾಗುತ್ತೆ. ಇಷ್ಟು ಆದರೆ ಸಾಕು, ಉಳಿದದ್ದು ತಾನಾಗಿ ಬರುತ್ತೆ.

ನಾಲ್ಕು ಜನ ಸೇರಿ ಕೇಳುವುದಾದರೆ

ಒಬ್ಬರು ಪ್ರತಿ ಭಾಗದ ಕನ್ನಡ ಸಾರವನ್ನು ಗಟ್ಟಿಯಾಗಿ ಓದಲಿ. ಆದರೆ ಭಾಗಗಳ ನಡುವೆ ನಿಲ್ಲಿಸಿ ಓದಬೇಡಿ. ಆರನ್ನೂ ಮೊದಲೇ ಓದಿ ಮುಗಿಸಿ, ಆಮೇಲೆ ಒಂದೇ ಓಟದಲ್ಲಿ ಕೇಳಿ. ಓದುವವರು ನಾಟಕ ಮಾಡುವುದು ಬೇಡ. ಚಹಾ, ತಿಂಡಿ ಎಲ್ಲ ಮೊದಲೇ ಮುಗಿದಿರಲಿ. ಯುದ್ಧಕ್ಕೆ ಹೋಗಿ ಬಂದವರು, ಅಥವಾ ಹೋದವರು ಬಾರದ ಮನೆಯವರು ಬರುತ್ತಿದ್ದರೆ ನಾಲ್ಕನೇ ಭಾಗದಲ್ಲಿ ಏನಿದೆ ಅಂತ ಅವರಿಗೆ ಮುಂಚೆ ಹೇಳಿಬಿಡಿ.

ನಿಮ್ಮ ಕ್ವಾಯರ್ ಹಾಡುವುದಾದರೆ

ಮಂಗಳೂರು, ಬೆಂಗಳೂರಿನಲ್ಲಿ ನಾಲ್ಕು ದನಿಯಲ್ಲಿ ಹಾಡುವ ಚರ್ಚಿನ ಕ್ವಾಯರ್‌ಗಳಿವೆ. ಪೂರ್ತಿ ಕೃತಿಗೆ ದೊಡ್ಡ ತಂಡ, ದೊಡ್ಡ ವಾದ್ಯವೃಂದ ಬೇಕು. ಆದರೆ ಪಿಯಾನೊ ಜೊತೆಗಿನ ವೋಕಲ್ ಸ್ಕೋರ್, ಅಂದರೆ ಹಾಡುವವರ ಸ್ವರಪುಸ್ತಕ, ಸಿಗುತ್ತೆ, ಮೂರನೇ ಭಾಗ ಒಂದನ್ನೇ ಅದರಿಂದ ಕಲಿಯಬಹುದು. ಭಾರತದ ಕಾನೂನಿನಲ್ಲಿ ಕರ್ತೃ ತೀರಿಕೊಂಡ 60 ವರ್ಷಕ್ಕೆ ಕೃತಿಸ್ವಾಮ್ಯದ (ಕಾಪಿರೈಟ್) ಹಕ್ಕು ಮುಗಿಯುತ್ತೆ, ಅಂದರೆ ಇಲ್ಲಿ 2018ರ ಕೊನೆಗೇ ಮುಗಿದಿದೆ. ಬ್ರಿಟನ್ನಿನಲ್ಲಿ ಅದು 70 ವರ್ಷ, ಇನ್ನೂ ಮುಗಿದಿಲ್ಲ. ಹಾಗಾಗಿ ಅಲ್ಲಿರುವ ಕನ್ನಡಿಗರು ಹಾಡುವುದಾದರೆ ಮೊದಲು ಪ್ರಕಾಶಕರನ್ನು, ಅಂದರೆ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸನ್ನು, ಕೇಳಿ.

ಅಭ್ಯಾಸವನ್ನು ಕೊನೆಯ ಪುಟದಿಂದ ಶುರುಮಾಡಿ. ಡ್ರಮ್ಮಿನ ಭಾಗ ಜೋರಿನದು, ಅಲ್ಲಿ ಚಿಕ್ಕ ತಪ್ಪು ಮುಚ್ಚಿಹೋಗುತ್ತೆ. ವಾದ್ಯವಿಲ್ಲದೆ, ಉಸಿರಿನಷ್ಟು ಸಣ್ಣಗೆ ಹಾಡುವ ಕೊನೆಯಲ್ಲಿ ಶ್ರುತಿ ಒಂದೆಳೆ ಇಳಿದರೂ ಎಲ್ಲರಿಗೂ ಕೇಳಿಸುತ್ತೆ. ‘ಪಾಚೆಮ್’ನ ಕೊನೆಯ ಮ್ ಎಲ್ಲರೂ ಒಟ್ಟಿಗೆ ಮುಚ್ಚಬೇಕು. ಅದೊಂದಕ್ಕೇ ಅರ್ಧ ಗಂಟೆ ಕೊಡಿ.

ಇದಾದ ಮೇಲೆ

ಇಷ್ಟವಾದರೆ ಇದೇ ದಾರಿಯ ಎರಡು ಕೃತಿ ಇವೆ. ಬೆಂಜಮಿನ್ ಬ್ರಿಟನ್ 1962ರಲ್ಲಿ ಕೊವೆಂಟ್ರಿಯ ಹೊಸ ಕೆಥೆಡ್ರಲ್‌ಗೆ ಬರೆದ ‘ವಾರ್ ರಿಕ್ವಿಯಮ್’. ಅದರಲ್ಲಿ ಲ್ಯಾಟಿನ್ ಪ್ರಾರ್ಥನೆಯ ಜೊತೆ, ಮೊದಲ ಯುದ್ಧದಲ್ಲಿ ಸತ್ತ ವಿಲ್‌ಫ್ರೆಡ್ ಓವನ್‌ನ ಕವಿತೆಗಳಿವೆ. ಇದಕ್ಕಿಂತ ಉದ್ದ, ಇದಕ್ಕಿಂತ ಕಹಿ. ಇನ್ನೊಂದು ಕಾರ್ಲ್ ಜೆಂಕಿನ್ಸ್ 2000ದಲ್ಲಿ ಕೊಟ್ಟ ‘ದಿ ಆರ್ಮ್ಡ್ ಮ್ಯಾನ್’. ಅದರೊಳಗೆ ಮುಸ್ಲಿಮರ ಆಜಾನ್ ಇದೆ, ನಮ್ಮ ಮಹಾಭಾರತದ ತುಣುಕೂ ಇದೆ, ಬೆಂಕಿಗೆ ಸಿಕ್ಕು ದಿಕ್ಕಾಪಾಲಾಗುವ ಪ್ರಾಣಿಗಳ ವರ್ಣನೆ. ಆದರೆ ಎರಡನ್ನೂ ಅದೇ ರಾತ್ರಿ ಕೇಳಬೇಡಿ. ‘ದೋನಾ’ ಮುಗಿಯುವ ಮೊದಲೇ ಆ್ಯಪ್‌ನ ಆಟೋಪ್ಲೇ ಆಫ್ ಮಾಡಿಟ್ಟಿರಿ. ಕೊನೆಯ ಮ್ ಎಲ್ಲಿ ನಿಂತಿತು ಅಂತ ಕಿವಿ ಹುಡುಕುತ್ತಿರುವಾಗ ಬೇರೆ ಹಾಡು ಬರಬಾರದು.